ನೀರು ನೋಡಿ ಮೋಟರು, ಮೆಮೊರಿ ನೋಡಿ ಡೆಸ್ಕ್‌ಟಾಪು

“ಇದರಾಗ ಹೊಸಾ ವಿಂಡೋಸ್ ಕುಂಡ್ರಂಗಿಲ್ರಿ ಕಾಕಾ. ಇದನ್ನ ಬಿಡ್ರಿ, ಹೊಸಾದ ತಗೋರಿ.”

ವಿಜಯಪುರದ ಗಾಂಧಿ ಚೌಕದ ಆಸುಪಾಸಿನ ರಿಪೇರಿ ಅಂಗಡಿಗೆ ಹತ್ತು ವರ್ಷದ ಹಳೆಯ ಕಂಪ್ಯೂಟರನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದವರಿಗೆ ಈಗ ಸಿಗುವ ಉತ್ತರ ಹೆಚ್ಚುಕಡಿಮೆ ಇದೇ. ಅಂಗಡಿಯವರು ಹೇಳುವುದರಲ್ಲಿ ಸುಳ್ಳಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರು ವಿಸ್ತರಿತ ಭದ್ರತೆಗೆ ಹೆಸರು ನೋಂದಾಯಿಸಿದರೂ ಅದರ ಅವಧಿ 2026ರ ಅಕ್ಟೋಬರ್ 13ರವರೆಗೆ ಮಾತ್ರ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಕನಿಷ್ಠ 4 ಜಿಬಿ ರ‍್ಯಾಮ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಕೋರ್ 2 ಡ್ಯುಯೋ, ಮೂರನೇ ತಲೆಮಾರಿನ ಐ3 ಇಟ್ಟುಕೊಂಡವರಿಗೆ ಆ ಬಾಗಿಲು ಮುಚ್ಚಿದೆ.

ಆದರೆ ಬಾಗಿಲು ಮುಚ್ಚಿದ್ದು ವಿಂಡೋಸಿನದು. ಕಂಪ್ಯೂಟರ್ ಕೆಟ್ಟಿಲ್ಲ. ಅದರ ಮದರ್‌ಬೋರ್ಡ್, ಪರದೆ, ಕೀಲಿಮಣೆ ಎಲ್ಲ ನೆಟ್ಟಗಿವೆ. ಅಂಥ ಯಂತ್ರಕ್ಕೆ ವಿಂಡೋಸಿನ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿ ಇನ್ನೂ ನಾಲ್ಕೈದು ವರ್ಷ ದುಡಿಸಿಕೊಳ್ಳಬಹುದು. ಹಾಗೆ ದುಡಿಯುತ್ತದೋ ಇಲ್ಲವೋ ಎನ್ನುವುದನ್ನು ನಿರ್ಧರಿಸುವುದರಲ್ಲಿ ಒಂದು ಆಯ್ಕೆಯ ಪಾಲು ದೊಡ್ಡದು. ಅದು ಡೆಸ್ಕ್‌ಟಾಪ್ ಪರಿಸರದ ಆಯ್ಕೆ. ಎಷ್ಟೋ ಜನ ಲಿನಕ್ಸ್ ಹಾಕಿಸಿಕೊಂಡು, “ಇದೂ ನಿಧಾನ” ಎಂದು ಬೇಸತ್ತು ಬಿಟ್ಟದ್ದಕ್ಕೆ ಕಾರಣ ಲಿನಕ್ಸ್ ಅಲ್ಲ, ಅದರ ಮೇಲೆ ಕೂರಿಸಿದ ಭಾರದ ಡೆಸ್ಕ್‌ಟಾಪು.

ಕಂಪ್ಯೂಟರ್ ತೆರೆದಾಗ ಕಣ್ಣಿಗೆ ಕಾಣುವುದೆಲ್ಲ ಡೆಸ್ಕ್‌ಟಾಪ್ ಪರಿಸರವೇ. ಕೆಳಗಿನ ಪಟ್ಟಿ, ಮೆನು, ಗಡಿಯಾರ, ಕಿಟಕಿಗಳ ಅಂಚು, ಫೈಲುಗಳನ್ನು ತೋರಿಸುವ ತಂತ್ರಾಂಶ, ವೈಫೈ ಚಿಹ್ನೆ, ಸೆಟ್ಟಿಂಗ್ಸ್ ಎಲ್ಲವೂ ಅದರೊಳಗೇ ಬಂದವು. ವಿಂಡೋಸಿನಲ್ಲಿ ಇವೆಲ್ಲ ಒಂದೇ ಎರಕ, ಬಿಡಿಸಲು ಬರುವುದಿಲ್ಲ. ಲಿನಕ್ಸ್, ಫ್ರೀಬಿಎಸ್‌ಡಿಯಂಥ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಕೆಳಗಿನ ಬುನಾದಿ ಬೇರೆ, ಮೇಲಿನ ಪಡಸಾಲೆ ಬೇರೆ. ಬುನಾದಿಯನ್ನು ಹಾಗೇ ಇಟ್ಟುಕೊಂಡು ಪಡಸಾಲೆಯನ್ನು ಬೇಕಾದಂತೆ ಬದಲಿಸಬಹುದು. ಗ್ನೋಮ್, ಕೆಡಿಇ ಪ್ಲಾಸ್ಮಾ, ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಇವೆಲ್ಲ ಅಂಥ ಪಡಸಾಲೆಗಳ ಹೆಸರುಗಳು.

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ರೈತರಿಗೆ ಇದನ್ನು ಹೇಳಲು ಸುಲಭದ ದಾರಿಯಿದೆ. ಬೋರಿನಲ್ಲಿ ಒಂದೂವರೆ ಇಂಚು ನೀರಿದ್ದಾಗ ಅದಕ್ಕೆ ದೊಡ್ಡ ಎಚ್‌ಪಿಯ ಮೋಟರು ಇಳಿಸಿದರೆ ಸ್ವಲ್ಪ ಹೊತ್ತು ಭರ್ರನೆ ಹೊಡೆಯುತ್ತದೆ, ಆಮೇಲೆ ಬರೀ ಗಾಳಿ. ನೀರು ಊರುವವರೆಗೆ ಕಾಯಬೇಕು, ಮತ್ತೆ ಚಾಲೂ ಮಾಡಬೇಕು. ಕಂಪ್ಯೂಟರಿನ ರ‍್ಯಾಮ್ ಬೋರಿನ ನೀರಿದ್ದ ಹಾಗೆ. ಅದು ತೀರಿದ ಕೂಡಲೇ ಯಂತ್ರ ಹಾರ್ಡ್‌ಡಿಸ್ಕಿನ ಸ್ವಾಪ್ ಎಂಬ ಜಾಗಕ್ಕೆ ಮೆಮೊರಿಯನ್ನು ಹೊತ್ತು ಹಾಕಿ, ಬೇಕಾದಾಗ ಮತ್ತೆ ಹೊತ್ತು ತರುತ್ತದೆ. ತಿರುಗುವ ಹಾರ್ಡ್‌ಡಿಸ್ಕ್ ರ‍್ಯಾಮಿಗಿಂತ ಸಾವಿರಾರು ಪಟ್ಟು ನಿಧಾನ. ಕೆಂಪು ದೀಪ ಒಂದೇ ಸಮನೆ ಮಿಣುಕುತ್ತದೆ, ಮೌಸ್ ಕದಲುವುದಿಲ್ಲ. ಪವರ್ ಬಟನ್ ಒತ್ತಿ ಹಿಡಿದು ಆರಿಸುವುದು ಆಗಲೇ.

ಹಾಗಾದರೆ ಯಾವ ಡೆಸ್ಕ್‌ಟಾಪ್ ಎಷ್ಟು ನೀರು ಎಳೆಯುತ್ತದೆ? ಕಂಪ್ಯೂಟರ್ ಚಾಲೂ ಆಗಿ, ಏನನ್ನೂ ತೆರೆಯದೆ ಸುಮ್ಮನೆ ಕುಳಿತಾಗ ಗ್ನೋಮ್ ಸಾಮಾನ್ಯವಾಗಿ 1 ಜಿಬಿಗಿಂತ ಹೆಚ್ಚು ಹಿಡಿಯುತ್ತದೆ. ಪ್ಲಾಸ್ಮಾ ಮತ್ತು ಸಿನಮನ್ 800 ಎಂಬಿಯಿಂದ 1 ಜಿಬಿಯ ಆಸುಪಾಸು. ಮಾಟೆ ಮತ್ತು ಎಕ್ಸ್‌ಎಫ್‌ಸಿಇ 500ರಿಂದ 700 ಎಂಬಿ. ಎಲ್‌ಎಕ್ಸ್‌ಕ್ಯೂಟಿ ಅದಕ್ಕಿಂತ ನೂರಿನ್ನೂರು ಎಂಬಿ ಕಡಿಮೆ. ಪೂರ್ಣ ಡೆಸ್ಕ್‌ಟಾಪ್ ಎನ್ನುವುದನ್ನೇ ಬಿಟ್ಟು ಐಸ್‌ಡಬ್ಲ್ಯೂಎಂ ಎಂಬ ಬರೀ ವಿಂಡೋ ಮ್ಯಾನೇಜರ್ ಇಟ್ಟುಕೊಂಡ ಆಂಟಿಎಕ್ಸ್‌ನಂಥ ವ್ಯವಸ್ಥೆ 250 ಎಂಬಿಯ ಒಳಗೇ ನಿಲ್ಲುತ್ತದೆ. ವಿತರಣೆ (ಮಿಂಟ್, ಉಬುಂಟು, ಡೆಬಿಯನ್ ಮುಂತಾದ ಲಿನಕ್ಸ್ ರೂಪ) ಬದಲಾದರೆ, ಆವೃತ್ತಿ ಬದಲಾದರೆ ಈ ಅಂಕಿಗಳು ಹಿಂದೆಮುಂದೆ ಆಗುತ್ತವೆ. ಆದರೆ ಒಂದರ ಎದುರು ಇನ್ನೊಂದನ್ನು ಇಟ್ಟು ತೂಗಲು ಇಷ್ಟು ಸಾಕು.

ಈಗ 2 ಜಿಬಿ ರ‍್ಯಾಮಿನ ಒಂದು ಯಂತ್ರ ತೆಗೆದುಕೊಂಡು ಲೆಕ್ಕ ಹಾಕಿ ನೋಡಬೇಕು. ಒಳಗಿನ ಗ್ರಾಫಿಕ್ಸ್ ತನ್ನ ಪಾಲು ಕಿತ್ತುಕೊಂಡ ಮೇಲೆ ಉಳಿಯುವುದು ಸುಮಾರು 1,900 ಎಂಬಿ. ಎಕ್ಸ್‌ಎಫ್‌ಸಿಇಗೆ 600 ಹೋಯಿತು. ಫೈರ್‌ಫಾಕ್ಸ್ ತೆರೆದು ಜಮೀನು ದಾಖಲೆಯ ‘ಭೂಮಿ’ ತಾಣದಲ್ಲಿ ಉತಾರ (ಪಹಣಿ) ನೋಡಿ, ಜೊತೆಗೆ ಜಿಮೇಲು, ಒಂದು ಯೂಟ್ಯೂಬ್ ಇಟ್ಟರೆ 900ರಿಂದ 1,000 ಎಂಬಿ ಹೋಯಿತು. ಉಳಿದದ್ದು 300ರಿಂದ 400. ಲಿಬ್ರೆಆಫೀಸ್ ತೆರೆದರೆ ಅದೂ ಮುಗಿಯಿತು. ಇದೇ ಯಂತ್ರದಲ್ಲಿ ಗ್ನೋಮ್ ಇದ್ದಿದ್ದರೆ ಎರಡನೇ ಟ್ಯಾಬಿಗೇ ಸ್ವಾಪ್ ಶುರುವಾಗುತ್ತಿತ್ತು. ಎಲ್‌ಎಕ್ಸ್‌ಕ್ಯೂಟಿ ಇದ್ದಿದ್ದರೆ ಇನ್ನೂ 150 ಎಂಬಿ ಹೆಚ್ಚಿಗೆ ಉಳಿಯುತ್ತಿತ್ತು ನಿಜ. ಆದರೆ ಅಷ್ಟು ಮೆಮೊರಿಯಲ್ಲಿ ಇಂದಿನ ಒಂದು ಭಾರದ ವೆಬ್ ಪುಟವೂ ತೆರೆಯುವುದಿಲ್ಲ.

ಈ ಲೆಕ್ಕದಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಭಾರದ ಡೆಸ್ಕ್‌ಟಾಪಿನಿಂದ ಹಗುರದ್ದಕ್ಕೆ ಬಂದರೆ ನಿಜವಾದ ಲಾಭವಿದೆ. ಹಗುರದ್ದರಿಂದ ಅತಿ ಹಗುರದ್ದಕ್ಕೆ ಇಳಿದರೆ ಸಿಗುವ ಲಾಭ ಕಡಿಮೆ, ಕೈಬಿಡಬೇಕಾದ ಅನುಕೂಲ ಹೆಚ್ಚು. ಮೆಮೊರಿಯನ್ನು ನುಂಗುವ ದೊಡ್ಡ ಹೊಟ್ಟೆ ಬ್ರೌಸರಿನದು. ಆದ್ದರಿಂದ ಬೋರ್ಡಿನಲ್ಲಿ ಇನ್ನೊಂದು ರ‍್ಯಾಮ್ ಸ್ಲಾಟು ಖಾಲಿ ಇದ್ದರೆ 2 ಜಿಬಿಯನ್ನು 4 ಮಾಡಿಸುವುದೇ ಎಲ್ಲಕ್ಕಿಂತ ಉತ್ತಮ. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಚಿಕ್ಕದೊಂದು ಎಸ್‌ಎಸ್‌ಡಿ ಹಾಕಿಸಿದರೆ ಯಂತ್ರ ಚಾಲೂ ಆಗುವ ವೇಗವೇ ಬೇರೆಯಾಗುತ್ತದೆ. ಡೆಸ್ಕ್‌ಟಾಪಿನ ಆಯ್ಕೆ ಇವೆರಡರ ಜೊತೆಗೆ ಬರಬೇಕಾದ ಮಾತು.

ಹಗುರದ ಬಳಗದಲ್ಲಿ ಹಿರಿಯಣ್ಣ ಎಕ್ಸ್‌ಎಫ್‌ಸಿಇ. ಒಲಿವಿಯೆ ಫೂರ್ದಾಂ ಎಂಬುವರು ಇದನ್ನು ಶುರುಮಾಡಿದ್ದು 1996ರಲ್ಲಿ. ಕೆಡಿಇ ಹುಟ್ಟಿದ್ದೂ ಅದೇ ವರ್ಷ, ಗ್ನೋಮ್ ಮರುವರ್ಷ. ಉಳಿದ ಎರಡೂ ಕಾಲಕಾಲಕ್ಕೆ ವೇಷ ಬದಲಿಸಿದವು. ಎಕ್ಸ್‌ಎಫ್‌ಸಿಇ ಮಾತ್ರ ನಿಧಾನವಾಗಿ, ಇದ್ದದ್ದನ್ನು ಕೆಡಿಸದೆ ಬೆಳೆಯಿತು. 4.18ನೇ ಆವೃತ್ತಿ ಬಂದದ್ದು 2022ರ ಡಿಸೆಂಬರಿನಲ್ಲಿ, 4.20 ಬಂದದ್ದು 2024ರ ಡಿಸೆಂಬರಿನಲ್ಲಿ. ಎರಡು ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿಯಲ್ಲೂ ಮೆನು ಇದ್ದಲ್ಲೇ ಇರುತ್ತದೆ. ವಯಸ್ಸಾದವರು, ಕಂಪ್ಯೂಟರನ್ನು ಕೆಲಸಕ್ಕಷ್ಟೇ ಬಳಸುವವರು ಇರುವ ಮನೆಗೆ ಇದೊಂದು ದೊಡ್ಡ ಗುಣ. ವಿಂಡೋಸ್ 7 ನೋಡಿ ಬೆಳೆದ ಕಣ್ಣಿಗೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹೊಸದೆನಿಸುವುದೇ ಇಲ್ಲ. ಎಡ ಮೂಲೆಯಲ್ಲಿ ಮೆನು, ಬಲ ಮೂಲೆಯಲ್ಲಿ ಗಡಿಯಾರ. ಥುನಾರ್ ಎಂಬ ಅದರ ಫೈಲ್ ಮ್ಯಾನೇಜರ್ ಪೆನ್‌ಡ್ರೈವ್ ಸಿಕ್ಕಿಸಿದ ಕೂಡಲೇ ತೋರಿಸುತ್ತದೆ.

ಮಾಟೆಯ ಕಥೆ ಬೇರೆ. 2011ರ ಏಪ್ರಿಲಿನಲ್ಲಿ ಗ್ನೋಮ್ 3 ಬಂದು ಹಳೆಯ ಮೆನು, ಪಟ್ಟಿಗಳನ್ನೆಲ್ಲ ಕಿತ್ತುಹಾಕಿದಾಗ, ಅರ್ಜೆಂಟೀನಾದ ಬಳಕೆದಾರನೊಬ್ಬ ಗ್ನೋಮ್ 2ರ ಕೋಡನ್ನೇ ಎತ್ತಿಕೊಂಡು ಮುಂದುವರಿಸಿದ. ಅಲ್ಲಿಯ ಜನ ಕುಡಿಯುವ ಮಾಟೆ ಕಷಾಯದ ಹೆಸರನ್ನೇ ಅದಕ್ಕಿಟ್ಟ. ತೂಕದಲ್ಲಿ ಎಕ್ಸ್‌ಎಫ್‌ಸಿಇಗೆ ಹತ್ತಿರ. ಫ್ರೀಬಿಎಸ್‌ಡಿ ಆಧರಿಸಿದ ಘೋಸ್ಟ್‌ಬಿಎಸ್‌ಡಿಯಲ್ಲೂ ಮುಖ್ಯ ಡೆಸ್ಕ್‌ಟಾಪು ಇದೇ. ಹತ್ತು ಹದಿನೈದು ವರ್ಷದ ಹಿಂದೆ ಕಾಲೇಜಿನ ಲ್ಯಾಬಿನಲ್ಲಿ ಉಬುಂಟು ನೋಡಿದವರಿಗೆ ಮಾಟೆ ತವರುಮನೆಯಂತೆ ಕಾಣುತ್ತದೆ.

ಎಲ್‌ಎಕ್ಸ್‌ಕ್ಯೂಟಿಯ ಹಿಂದೆ ಎಲ್‌ಎಕ್ಸ್‌ಡಿಇ ಇದೆ. ತೈವಾನಿನ ಹಾಂಗ್ ಜೆನ್ ಯೀ 2006ರಲ್ಲಿ ಎಲ್‌ಎಕ್ಸ್‌ಡಿಇ ಶುರುಮಾಡಿದರು. ಮುಂದೆ ಅದರ ಕ್ಯೂಟಿ ರೂಪ ಮತ್ತು ರೇಜರ್-ಕ್ಯೂಟಿ ಎಂಬ ಇನ್ನೊಂದು ಯೋಜನೆ ಕೂಡಿಕೊಂಡು ಎಲ್‌ಎಕ್ಸ್‌ಕ್ಯೂಟಿ ಆಯಿತು. ಲುಬುಂಟು ಎಂಬ ವಿತರಣೆ 2018ರ ಅಕ್ಟೋಬರಿನ ಆವೃತ್ತಿಯಿಂದ ಇದನ್ನೇ ಹಿಡಿದುಕೊಂಡಿದೆ. ಇದು ಚೊಕ್ಕ, ಚುರುಕು. ಆದರೆ ಒಂದು ತಾಂತ್ರಿಕ ಮಾತನ್ನು ಇಲ್ಲಿ ಹೇಳಲೇಬೇಕು. ಎಲ್‌ಎಕ್ಸ್‌ಕ್ಯೂಟಿ ಕ್ಯೂಟಿ ಎಂಬ ಗ್ರಂಥಾಲಯದ ಮೇಲೆ ನಿಂತಿದೆ. ಫೈರ್‌ಫಾಕ್ಸ್, ಗಿಂಪ್ ಮುಂತಾದವು ಜಿಟಿಕೆ ಎಂಬ ಇನ್ನೊಂದರ ಮೇಲೆ ನಿಂತಿವೆ. ಎರಡನ್ನೂ ಒಟ್ಟಿಗೆ ತೆರೆದರೆ ಎರಡೂ ಗ್ರಂಥಾಲಯ ಮೆಮೊರಿಗೆ ಬರುತ್ತವೆ, ಡೆಸ್ಕ್‌ಟಾಪಿನಲ್ಲಿ ಉಳಿಸಿದ್ದರಲ್ಲಿ ಒಂದಿಷ್ಟು ಅಲ್ಲೇ ಹೋಗುತ್ತದೆ. ದಿನವಿಡೀ ಬಳಸುವ ತಂತ್ರಾಂಶಗಳು ಯಾವ ಬಳಗದವು ಎಂದು ನೋಡಿ ಡೆಸ್ಕ್‌ಟಾಪ್ ಆರಿಸುವುದು ಜಾಣತನ.

1 ಜಿಬಿ ರ‍್ಯಾಮಿನ ಯಂತ್ರ ಅಟ್ಟದಿಂದ ಇಳಿದು ಬಂದರೆ ಆಂಟಿಎಕ್ಸ್ ಅಥವಾ ಪಪ್ಪಿ ಲಿನಕ್ಸ್. ಇವುಗಳಿಂದ ಕಂಪ್ಯೂಟರ್ ಖಂಡಿತ ಏಳುತ್ತದೆ. ಟೈಪಿಂಗ್ ಕಲಿಯಲು, ಲೆಕ್ಕ ಬರೆಯಲು, ಹಾಡು ಕೇಳಲು ಸಾಕು. ಇಂಟರ್ನೆಟ್ಟಿನ ಕೆಲಸಕ್ಕೆ ಮಾತ್ರ ಅಂಥ ಯಂತ್ರದ ಮೇಲೆ ಭರವಸೆ ಇಡಬಾರದು. 2008ರ ಸುಮಾರಿಗೆ ಬಂದ ಚಿಕ್ಕ ನೆಟ್‌ಬುಕ್‌ಗಳಲ್ಲಿದ್ದ ಆಟಂ ಎನ್270 ಪ್ರೊಸೆಸರ್ 32 ಬಿಟ್ಟಿನದು. ಕ್ರೋಮ್ 32 ಬಿಟ್ ಲಿನಕ್ಸನ್ನು 2016ರಲ್ಲೇ ಕೈಬಿಟ್ಟಿತು. ಫೈರ್‌ಫಾಕ್ಸ್ ಸಹ 2025ರ ಕೊನೆಗೆ ತನ್ನ ಮುಖ್ಯ ಸರಣಿಯಲ್ಲಿ ಅದನ್ನು ನಿಲ್ಲಿಸಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಕಂಪ್ಯೂಟರಿಗೆ ಇನ್‌ಸ್ಟಾಲರ್ ಇಲ್ಲ. ಕೋರ್ 2 ಡ್ಯುಯೋ ಇದ್ದವರು ಹೆದರಬೇಕಿಲ್ಲ, ಅದು 64 ಬಿಟ್ಟಿನದೇ.

ಇಷ್ಟು ತೂಕದ ಮಾತಾಯಿತು. ಕನ್ನಡಿಗರಿಗೆ ಇನ್ನೊಂದು ಪರೀಕ್ಷೆ ಇದೆ. ಹೊರಗಿನವರು ಬರೆದ ಹೋಲಿಕೆಗಳಲ್ಲಿ ಅದರ ಮಾತೇ ಬರುವುದಿಲ್ಲ. ಡೆಸ್ಕ್‌ಟಾಪ್ ಖಾಯಂ ಮಾಡುವ ಮುನ್ನ ಅದರಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿ, “ತಿಕೋಟಾ ದ್ರಾಕ್ಷಿ ಲೆಕ್ಕ” ಎಂದು ಹೆಸರಿಡಬೇಕು. ಇನ್ನೊಂದಕ್ಕೆ “ಬಬಲೇಶ್ವರ ಅರ್ಜಿಗಳು”, ಮತ್ತೊಂದಕ್ಕೆ “ಸಿದ್ಧೇಶ್ವರ ಜಾತ್ರೆ”. ಈಗ ಕಣ್ಣಿಟ್ಟು ನೋಡಬೇಕು. ದ್ರಾ, ಕ್ಷಿ, ಕ್ಕ ಸರಿಯಾಗಿ ಕೂಡಿವೆಯೇ? ಶ್ವದ ಒತ್ತು ಕೆಳಗೆ ಇಳಿದಿದೆಯೇ? ಅರ್ಜಿಯ ಅರ್ಕಾವತ್ತು ಅಕ್ಷರದ ಮುಂದೆ ಬಂದಿದೆಯೇ ಅಥವಾ ರ ಬೇರೆ, ಹಲಂತ ಬೇರೆ, ಜಿ ಬೇರೆ ಆಗಿ ಒಡೆದು ನಿಂತಿವೆಯೇ? ಫೋಲ್ಡರಿನ ಹೆಸರಿನಲ್ಲಿ ನೋಡಿದ ಮೇಲೆ ಕಿಟಕಿಯ ಮೇಲಂಚಿನಲ್ಲಿ, ಕೆಳಗಿನ ಪಟ್ಟಿಯಲ್ಲಿ, ಟರ್ಮಿನಲ್ಲಿನಲ್ಲಿ ಸಹ ನೋಡಬೇಕು.

ಎಕ್ಸ್‌ಎಫ್‌ಸಿಇ, ಮಾಟೆ, ಎಲ್‌ಎಕ್ಸ್‌ಕ್ಯೂಟಿ ಮೂರೂ ಈ ಪರೀಕ್ಷೆಯಲ್ಲಿ ಪಾಸು. ಜಿಟಿಕೆ ಮತ್ತು ಕ್ಯೂಟಿ ಎರಡೂ ಹಾರ್ಫ್‌ಬಝ್ ಎಂಬ ಅಕ್ಷರ ಜೋಡಿಸುವ ಎಂಜಿನ್ ಬಳಸುತ್ತವೆ, ಅದಕ್ಕೆ ಕನ್ನಡದ ಒತ್ತಕ್ಷರದ ನಿಯಮ ಗೊತ್ತು. ಅತಿ ಚಿಕ್ಕ ವಿಂಡೋ ಮ್ಯಾನೇಜರುಗಳು ಆ ಎಂಜಿನ್ನನ್ನು ಬಿಟ್ಟು ನೇರವಾಗಿ ಅಕ್ಷರ ಬಿಡಿಸಿದಾಗ ಒತ್ತಕ್ಷರ ಒಡೆಯುತ್ತದೆ. ಬಹಳಷ್ಟು ಟರ್ಮಿನಲ್ ತಂತ್ರಾಂಶಗಳಲ್ಲೂ ಇದೇ ಪಾಡು. ಫ. ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಹಾಕಿಸಲೆಂದೇ ಹಿತಚಿಂತಕ ಮುದ್ರಣಾಲಯ ನಡೆಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುಮಾಡಿದ ಊರು ವಿಜಯಪುರ. ಇಲ್ಲಿಯ ಪರದೆಯ ಮೇಲೆ ಕನ್ನಡ ಒಡೆದು ಕಾಣುವುದಾದರೆ ಆ ಡೆಸ್ಕ್‌ಟಾಪು ಎಷ್ಟೇ ಹಗುರವಾಗಿರಲಿ, ಬೇಡ.

ಟೈಪಿಂಗ್ ವಿಷಯದಲ್ಲಿ ಸಮಾಧಾನದ ಸಂಗತಿ ಇದೆ. ನುಡಿ ತಂತ್ರಾಂಶದಲ್ಲಿ ಟೈಪಿಂಗ್ ಕಲಿತವರ ಬೆರಳಿಗೆ ಒಗ್ಗಿದ ವಿನ್ಯಾಸ ಕೆ. ಪಿ. ರಾವ್ ಅವರು ರೂಪಿಸಿದ್ದು. ಅದೇ ಕಗಪ ಎಂಬ ಹೆಸರಿನಲ್ಲಿ ಲಿನಕ್ಸಿನ ಮೂಲ ಕೀಲಿಮಣೆ ಪಟ್ಟಿಯಲ್ಲೇ ಇದೆ. ಎಕ್ಸ್‌ಎಫ್‌ಸಿಇಯಲ್ಲಾದರೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗಕ್ಕೆ ಹೋಗಿ, ಲೇಔಟ್ ಪುಟದಲ್ಲಿ ಭಾರತದ ಅಡಿ ‘ಕನ್ನಡ ಕಗಪ ಫೊನೆಟಿಕ್’ ಸೇರಿಸಿ, ಇಂಗ್ಲಿಷಿನಿಂದ ಕನ್ನಡಕ್ಕೆ ದಾಟಲು ಯಾವ ಕೀಲಿ ಎಂದು ಗೊತ್ತುಮಾಡಿದರೆ ಮುಗಿಯಿತು. ಒತ್ತಕ್ಷರಕ್ಕೆ ಎಫ್ ಕೀಲಿ. ಐಬಸ್ ಎಂಬ ಟೈಪಿಂಗ್ ತಂತ್ರಾಂಶವನ್ನು ಹಿನ್ನೆಲೆಯಲ್ಲಿ ಓಡಿಸುವ ಅಗತ್ಯವೂ ಇಲ್ಲ. ಕಡಿಮೆ ಮೆಮೊರಿಯ ಯಂತ್ರಕ್ಕೆ ಇದೊಂದು ಉಳಿತಾಯ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕನ್ನಡವಾಗಿ ಮೂಡಬೇಕು ಎನ್ನುವವರಿಗೆ ಐಬಸ್ ಬೇಕೇ ಬೇಕು. ಲೋಹಿತ್, ನೋಟೋ, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಡೆಬಿಯನ್, ಉಬುಂಟುಗಳ ತಂತ್ರಾಂಶ ಭಂಡಾರದಲ್ಲೇ ಸಿಗುತ್ತವೆ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಕಡತಗಳ ವಿಷಯ ಬೇರೆ. ಅವು ಯುನಿಕೋಡ್ ಅಲ್ಲ. ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಕಾಣುತ್ತದೆ. ಯಾವ ಡೆಸ್ಕ್‌ಟಾಪ್ ಹಾಕಿದರೂ ಇದು ತಪ್ಪದು. ವಿಂಡೋಸ್ ತೆಗೆಯುವ ಮೊದಲೇ ಅವನ್ನು ಯುನಿಕೋಡಿಗೆ ಬದಲಿಸಿಟ್ಟುಕೊಳ್ಳಬೇಕು. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಸುತ್ತಲಿನ ಡಿಟಿಪಿ ಅಂಗಡಿಗಳಲ್ಲಿ ಪ್ರಬಂಧ ಟೈಪ್ ಮಾಡಿಸಿದವರಿಗೂ ಈ ಮಾತು ಸಲ್ಲುತ್ತದೆ. ಪಿಡಿಎಫ್ ಜೊತೆಗೆ ಯುನಿಕೋಡ್ ಕಡತವನ್ನೂ ಕೇಳಿ ಪಡೆಯಬೇಕು.

ಎಲ್ಲರೂ ಲಿನಕ್ಸಿಗೆ ಬನ್ನಿ ಎಂದು ಕರೆಯುವುದು ಪ್ರಾಮಾಣಿಕ ಸಲಹೆಯಾಗದು. ಎಪಿಎಂಸಿಯ ಅಡತಿ ಅಂಗಡಿಯಲ್ಲಿ ಲೆಕ್ಕವೆಲ್ಲ ಟ್ಯಾಲಿಯಲ್ಲಿದ್ದರೆ ಆ ಯಂತ್ರ ವಿಂಡೋಸಿನಲ್ಲೇ ಇರಲಿ, ಟ್ಯಾಲಿ ವಿಂಡೋಸಿಗೆಂದೇ ಮಾಡಿದ್ದು. ಬಬಲೇಶ್ವರದ ಸೇವಾ ಕೇಂದ್ರದಲ್ಲಿ ಆಧಾರ್ ಬೆರಳಚ್ಚು ಹಿಡಿಯುವ ಯಂತ್ರ ಇದ್ದರೆ ಅದರ ತಂತ್ರಾಂಶ ಬಹುಮಟ್ಟಿಗೆ ವಿಂಡೋಸ್ ಮತ್ತು ಆಂಡ್ರಾಯ್ಡಿಗೆ ಮಾತ್ರ ಸಿಗುತ್ತದೆ. ಅಂಥಲ್ಲಿ ಎದುರಿನ ಮುಖ್ಯ ಯಂತ್ರ ಹಾಗೇ ಇರಲಿ. ಅರ್ಜಿ ತುಂಬುವ, ಟೈಪ್ ಮಾಡುವ, ಪ್ರಿಂಟ್ ಕೊಡುವ ಎರಡನೇ ಯಂತ್ರಕ್ಕೆ ಹಗುರದ ಲಿನಕ್ಸ್ ಹಾಕಬಹುದು.

ಪ್ರಿಂಟ್ ಎಂದ ಕೂಡಲೇ ಪ್ರಿಂಟರಿನ ಹೆಸರು ಓದಬೇಕು. ನಮ್ಮ ಕಚೇರಿ, ಝೆರಾಕ್ಸ್ ಅಂಗಡಿಗಳಲ್ಲಿ ಬಹಳ ಕಡೆ ಕಾಣುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಲಿನಕ್ಸಿನಲ್ಲಿ ಡ್ರೈವರ್ ಕೂರಿಸುವುದು ಹೆಣಗಾಟದ ಕೆಲಸ. ಎಚ್‌ಪಿ ಲೇಸರ್‌ಜೆಟ್ 1020 ಆದರೆ ಎಚ್‌ಪಿಎಲ್‌ಐಪಿ ಎಂಬ ತಂತ್ರಾಂಶ ಮತ್ತು ಅದರ ಪ್ಲಗಿನ್ ಹಾಕಿದ ಮೇಲೆ ನಡೆಯುತ್ತದೆ. ಆ ಪ್ಲಗಿನ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಇಲ್ಲದ ಕಡೆ ಹೋಗಿ ಹಾಕುವವರು ಇದನ್ನು ಮೊದಲೇ ನೆನಪಿಡಬೇಕು. ಡೆಸ್ಕ್‌ಟಾಪ್ ಯಾವುದಾದರೂ ಒಳಗೆ ಪ್ರಿಂಟ್ ಮಾಡಿಸುವುದು ಕಪ್ಸ್ ಎಂಬ ಒಂದೇ ವ್ಯವಸ್ಥೆ. ಆದ್ದರಿಂದ ಎಕ್ಸ್‌ಎಫ್‌ಸಿಇಯಲ್ಲಿ ನಡೆಯದ ಪ್ರಿಂಟರು ಎಲ್‌ಎಕ್ಸ್‌ಕ್ಯೂಟಿಯಲ್ಲಿ ನಡೆದೀತು ಎಂದು ಅಲೆಯುವುದು ವ್ಯರ್ಥ.

ಹಾಕಿ ನೋಡುವ ಬಗೆ ಹೀಗೆ. 8 ಜಿಬಿಯ ಎರಡು ಪೆನ್‌ಡ್ರೈವ್ ಸಾಕು. ಒಂದಕ್ಕೆ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ, ಇನ್ನೊಂದಕ್ಕೆ ಲುಬುಂಟು. ರೂಫಸ್ ಅಥವಾ ವೆಂಟಾಯ್ ಎಂಬ ಉಚಿತ ತಂತ್ರಾಂಶದಿಂದ ಅವುಗಳ ಐಎಸ್‌ಒ ಕಡತವನ್ನು ಪೆನ್‌ಡ್ರೈವಿಗೆ ಏರಿಸಬೇಕು. ಕಂಪ್ಯೂಟರ್ ಚಾಲೂ ಮಾಡುತ್ತಲೇ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿ ಪೆನ್‌ಡ್ರೈವ್ ಆರಿಸಿದರೆ ಹಾರ್ಡ್‌ಡಿಸ್ಕನ್ನು ಮುಟ್ಟದೆಯೇ ಲಿನಕ್ಸ್ ತೆರೆದುಕೊಳ್ಳುತ್ತದೆ. ಇದಕ್ಕೆ ಲೈವ್ ಎನ್ನುತ್ತಾರೆ. ಪೆನ್‌ಡ್ರೈವಿನಿಂದ ಓಡುವಾಗ ತುಸು ನಿಧಾನ ಇದ್ದೇ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ವೈಫೈ ಸಿಗುತ್ತದೆಯೇ, ಸದ್ದು ಬರುತ್ತದೆಯೇ, ಪರದೆ ಪೂರ್ತಿ ತುಂಬಿದೆಯೇ, ಪ್ರಿಂಟರ್ ಕಾಣುತ್ತದೆಯೇ, ದ್ರಾಕ್ಷಿಯ ದ್ರಾ ಸರಿಯಾಗಿ ಮೂಡುತ್ತದೆಯೇ ಎಂದು ನೋಡುವುದಕ್ಕೆ ಅರ್ಧ ತಾಸು ಸಾಕು.

ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಎಷ್ಟು ಹೋಗಿದೆ ಎಂದು ಮೂರು ಸಲ ಬರೆದುಕೊಳ್ಳಬೇಕು. ಚಾಲೂ ಆದ ಎರಡು ನಿಮಿಷಕ್ಕೆ ಒಮ್ಮೆ, ಮನೆಯವರು ದಿನವೂ ನೋಡುವ ಮೂರು ತಾಣಗಳನ್ನು ತೆರೆದ ಮೇಲೆ ಒಮ್ಮೆ, ಲಿಬ್ರೆಆಫೀಸಿನಲ್ಲಿ ಒಂದು ಲೆಕ್ಕದ ಹಾಳೆ ತೆರೆದ ಮೇಲೆ ಒಮ್ಮೆ. ಎರಡೂ ಡೆಸ್ಕ್‌ಟಾಪಿನ ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಯಾರ ಸಲಹೆಯೂ ಬೇಕಾಗುವುದಿಲ್ಲ. ಲೈವ್ ಓಡುವಾಗ ಕೆಲವು ಕಡತಗಳೂ ರ‍್ಯಾಮಿನಲ್ಲೇ ಕೂರುವುದರಿಂದ ಅಂಕಿ ಸ್ವಲ್ಪ ಹೆಚ್ಚೇ ಬರುತ್ತದೆ. ಆದರೆ ಎರಡಕ್ಕೂ ಹಾಗೇ ಆಗುವುದರಿಂದ ಹೋಲಿಕೆ ಕೆಡುವುದಿಲ್ಲ.

ಹಾಕಿದ ಮೇಲೂ ಒಂದಿಷ್ಟು ಭಾರ ಇಳಿಸಬಹುದು. ಎಕ್ಸ್‌ಎಫ್‌ಸಿಇಯ ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನಲ್ಲಿ ಕಾಂಪೊಸಿಟರನ್ನು ಬಂದ್ ಮಾಡಿದರೆ ಕಿಟಕಿಗಳ ನೆರಳು ಹೋಗುತ್ತದೆ, ಹಳೆಯ ಗ್ರಾಫಿಕ್ಸ್ ಹಗುರಾಗುತ್ತದೆ. ಸೆಷನ್ ಅಂಡ್ ಸ್ಟಾರ್ಟಪ್ ಪಟ್ಟಿಯಲ್ಲಿ ಬ್ಲೂಟೂತ್ ಇಲ್ಲದ ಯಂತ್ರದಲ್ಲೂ ಬ್ಲೂಟೂತ್ ಸೇವೆ ಓಡುತ್ತಿರುತ್ತದೆ, ಅಂಥವನ್ನು ನಿಲ್ಲಿಸಬೇಕು. ಜೆಡ್‌ರ‍್ಯಾಮ್ ಎಂಬುದನ್ನು ಹಾಕಿದರೆ ಮೆಮೊರಿಯ ಒಂದು ಭಾಗವನ್ನು ಒತ್ತಿ ಮಡಚಿಟ್ಟು, ಹಾರ್ಡ್‌ಡಿಸ್ಕಿಗೆ ಹೋಗುವುದನ್ನು ಕಡಿಮೆ ಮಾಡುತ್ತದೆ. 2 ಜಿಬಿ ಯಂತ್ರಕ್ಕೆ ಇದರಿಂದ ಕಣ್ಣಿಗೆ ಕಾಣುವಷ್ಟು ಗುಣವಿದೆ. ಕೋರ್ 2 ಡ್ಯುಯೋದಲ್ಲಿ ಯೂಟ್ಯೂಬನ್ನು 480ರ ಗುಣಮಟ್ಟದಲ್ಲಿ ನೋಡುವುದೇ ಸರಿ.

ಇನ್ನು ವಿಜಯಪುರದ ಬಿಸಿಲು, ಧೂಳು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ನಾಡಿನಲ್ಲಿ ಫ್ಯಾನಿಗೆ ಧೂಳು ಕಟ್ಟಿದ ಪ್ರೊಸೆಸರು ಕಾವು ತಾಳಲಾರದೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗ ಯಾವ ಡೆಸ್ಕ್‌ಟಾಪ್ ಹಾಕಿದರೂ ಯಂತ್ರ ತೆವಳುತ್ತದೆ. ಲಿನಕ್ಸ್ ಹಾಕುವ ದಿನವೇ ಕ್ಯಾಬಿನೆಟ್ ಬಿಚ್ಚಿ, ಬ್ರಷ್ಷಿನಿಂದ ಧೂಳು ತೆಗೆದು, ಒಣಗಿ ಹಳಕಾದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿಸಬೇಕು.

ಇಡೀ ಶಾಲೆಗೋ ಸಂಘಕ್ಕೋ ಹಾಕುವುದಾದರೆ ಕಾಸರಗೋಡಿನ ಕನ್ನಡ ಶಾಲೆಗಳ ಕಡೆ ನೋಡಬಹುದು. ಕೇರಳದ ಐಟಿ@ಸ್ಕೂಲ್ ಯೋಜನೆ ಶುರುವಾದದ್ದು 2001ರಲ್ಲಿ. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಉಬುಂಟು ಆಧರಿಸಿದ ಕೈಟ್ ಗ್ನು/ಲಿನಕ್ಸ್ ಅಲ್ಲಿಯ ಶಾಲೆಗಳ ಸಾಮಾನ್ಯ ವ್ಯವಸ್ಥೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಅಲ್ಲಿಂದ ಕಲಿಯಬೇಕಾದದ್ದು ಎಲ್ಲ ಶಾಲೆಗಳಲ್ಲೂ ಒಂದೇ ಪರದೆ ಇರುವುದರ ಬಲ. ಒಂದು ಶಾಲೆಯ ಮೇಷ್ಟ್ರಿಗೆ ಬಂದ ತೊಡಕನ್ನು ಪಕ್ಕದ ಶಾಲೆಯವರು ಫೋನಿನಲ್ಲೇ ಬಿಡಿಸಬಲ್ಲರು. ಕರ್ನಾಟಕದಲ್ಲೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಜೊತೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಶಿಕ್ಷಕರು ಉಬುಂಟು, ಜಿಯೋಜೀಬ್ರಾ ಕಲಿತರು. ಹಾಗಾಗಿ ಒಂದೇ ಶಾಲೆಯಲ್ಲೋ ಸಂಘದಲ್ಲೋ ಹತ್ತು ಯಂತ್ರಕ್ಕೆ ಹತ್ತು ಬಗೆಯ ಡೆಸ್ಕ್‌ಟಾಪ್ ಹಾಕುವುದಕ್ಕಿಂತ, ಕೆಲವು ಯಂತ್ರಕ್ಕೆ ತುಸು ಭಾರವಾದರೂ ಎಲ್ಲದಕ್ಕೂ ಒಂದನ್ನೇ ಹಾಕುವುದು ಲೇಸು.

ಬಿಡಿ ಯಂತ್ರಗಳಿಗೆ ಈ ಲೇಖನದ ತೀರ್ಪು ಹೀಗಿದೆ. ಮಣೂಕದ (ಒಣದ್ರಾಕ್ಷಿಯ) ಶೆಡ್ಡಿನ ಕೂಲಿ, ಔಷಧಿ, ಕೋಲ್ಡ್ ಸ್ಟೋರೇಜ್ ಬಾಡಿಗೆಯ ಲೆಕ್ಕ ಇಡುವ ತಿಕೋಟಾದ ಮನೆಯ ಕಂಪ್ಯೂಟರಿಗೆ, ಪದವಿ ಓದುವಾಗ ಮಕ್ಕಳಿಗೆ ಸಿಕ್ಕ 4 ಜಿಬಿಯ ಲ್ಯಾಪ್‌ಟಾಪಿಗೆ, ವಿಜಯಪುರದ ಬಾಡಿಗೆ ಕೋಣೆಯಲ್ಲಿ ಓದುವ ವಿದ್ಯಾರ್ಥಿಗೆ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ. 2 ಜಿಬಿಯಲ್ಲೇ ನಿಂತಿರುವ, ರ‍್ಯಾಮ್ ಹೆಚ್ಚಿಸಲು ಬಾರದ ಯಂತ್ರಕ್ಕೆ ಲುಬುಂಟು. ಅದಕ್ಕಿಂತ ಹಳೆಯದಕ್ಕೆ ಆಂಟಿಎಕ್ಸ್, ಅದೂ ಆಫ್‌ಲೈನ್ ಕೆಲಸಕ್ಕೆ. 8 ಜಿಬಿ ಇದ್ದವರಿಗೆ ಈ ಲೆಕ್ಕಾಚಾರ ಬೇಕಿಲ್ಲ, ಕಣ್ಣಿಗೆ ಹಿಡಿಸಿದ್ದನ್ನು ಹಾಕಿಕೊಳ್ಳಬಹುದು.

ಇಲ್ಲಿಯ ಎಂಜಿನಿಯರಿಂಗ್, ಡಿಪ್ಲೊಮಾ ಕಾಲೇಜುಗಳ ಹುಡುಗ ಹುಡುಗಿಯರಲ್ಲಿ ಒಂದು ವಿನಂತಿ. ಊರಿಗೆ ಹೋಗುವ ಶನಿವಾರ ಈ ಎರಡು ಪೆನ್‌ಡ್ರೈವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಹಳೆಯ ಫೋಟೊ, ಕಡತಗಳನ್ನು ಮೊದಲು ಬೇರೆ ಕಡೆ ನಕಲು ಮಾಡಿಡಿ, ಅದು ಮುಗಿಯುವವರೆಗೆ ಇನ್‌ಸ್ಟಾಲ್ ಗುಂಡಿ ಒತ್ತಬೇಡಿ. ಹಾಕಿದ ಮೇಲೆ ಅಪ್ಪನನ್ನೋ ಕಾಕಾನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಅವರ ಕೈಯಿಂದಲೇ ಉತಾರ ತೆರೆಸಿ, ಒಂದು ಸಾಲು ಕನ್ನಡ ಟೈಪ್ ಮಾಡಿಸಿ. ಕನ್ನಡಕ್ಕೆ ದಾಟುವ ಕೀಲಿ ಯಾವುದು, ಅಪ್‌ಡೇಟ್ ಎಲ್ಲಿ ಒತ್ತಬೇಕು ಎಂದು ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿ ಬನ್ನಿ. ಆ ಅಪ್‌ಡೇಟ್ ಒತ್ತುತ್ತಿದ್ದರೆ ಸಾಕು, ಮಿಂಟ್ 22ರ ಸರಣಿಗೆ ಭದ್ರತಾ ಪರಿಷ್ಕರಣೆಗಳು 2029ರವರೆಗೆ ಬರುತ್ತವೆ.